ಹಂದಿ ಮಾಂಸ: ಬೇಡ ಎನ್ನುವವರ ಕಾರಣಗಳು, ತಿನ್ನುವವರ ಮೌನ

ಟೊರೊಂಟೊ ನಗರಕ್ಕೆ ‘ಹಾಗ್‌ಟೌನ್’ ಎಂಬ ಹಳೆಯ ಅಡ್ಡಹೆಸರಿದೆ, ಹಂದಿಗಳ ಊರು ಎಂದು. ವಿಲಿಯಂ ಡೇವೀಸ್ ಎಂಬ ಇಂಗ್ಲಿಷ್ ವ್ಯಾಪಾರಿ 1850ರ ದಶಕದಲ್ಲಿ ಇಲ್ಲಿಗೆ ಬಂದು, ಸೇಂಟ್ ಲಾರೆನ್ಸ್ ಮಾರುಕಟ್ಟೆಯಲ್ಲಿ ಅಂಗಡಿ ತೆರೆದು, ಉಪ್ಪಿನಲ್ಲಿ ಹದಮಾಡಿದ ಹಂದಿ ಮಾಂಸವನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸತೊಡಗಿದ. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಅವನ ಕಂಪನಿ ಬ್ರಿಟಿಷ್ ಸಾಮ್ರಾಜ್ಯದಲ್ಲೇ ದೊಡ್ಡ ಹಂದಿ ಮಾಂಸದ ಉದ್ಯಮವಾಗಿತ್ತು. ಮಾಂಸ ಕೆಡದಿರಲೆಂದು ಒಣ ಬಟಾಣಿ ಹಿಟ್ಟಿನಲ್ಲಿ ಹೊರಳಿಸುತ್ತಿದ್ದರು. ಈಗ ಆ ಜಾಗಕ್ಕೆ ಮೆಕ್ಕೆಜೋಳದ ಹಿಟ್ಟು ಬಂದಿದೆ, ಆದರೂ ‘ಪೀಮೀಲ್ ಬೇಕನ್’ ಎಂಬ ಹೆಸರು ಉಳಿದಿದೆ. ಡೇವೀಸ್ ಕಂಪನಿ 1927ರಲ್ಲಿ ಬೇರೆ ಕಂಪನಿಗಳ ಜೊತೆ ಸೇರಿ ಕೆನಡಾ ಪ್ಯಾಕರ್ಸ್ ಆಯಿತು. ಇಂದಿನ ಮೇಪಲ್ ಲೀಫ್ ಫುಡ್ಸ್ ಅದರ ಮುಂದಿನ ಕೊಂಡಿ.

ಈ ನಗರದ ಉತ್ತರದ ಅಂಚಿನಲ್ಲಿ, ಮಾರ್ಕಂ ದಾಟಿದ ಮೇಲೆ ಸಿಗುವ ಸ್ಟೌಫ್‌ವಿಲ್ ಊರಿನ ಮೂಲದಲ್ಲೂ ಹಂದಿ ಸಾಕಿದ ಜನರಿದ್ದಾರೆ. ಏಬ್ರಹಾಂ ಸ್ಟೌಫರ್ ಎಂಬ ಮೆನೊನೈಟ್ ರೈತ 1804ರಲ್ಲಿ ಪೆನ್ಸಿಲ್ವೇನಿಯಾದಿಂದ ಬಂದು ಇಲ್ಲಿ ನೆಲೆಯೂರಿದ. ಪೆನ್ಸಿಲ್ವೇನಿಯಾದ ಆ ಜರ್ಮನ್ ಮೂಲದ ರೈತಾಪಿ ಜನ ಚಳಿ ಬೀಳುತ್ತಿದ್ದಂತೆ ನೆರೆಹೊರೆ ಸೇರಿ ಹಂದಿ ಕೊಯ್ದು, ಸಾಸೇಜು ತುಂಬಿ, ಹೊಗೆಗೂಡಿನಲ್ಲಿ ಮಾಂಸ ತೂಗುಹಾಕಿ, ಚಳಿಗಾಲದ ಊಟಕ್ಕೆ ಕೂಡಿಡುತ್ತಿದ್ದರು. ಅವರಿಗೆ ಹಂದಿ ಎಂದರೆ ಮನೆಯ ದವಸದಷ್ಟೇ ಸಹಜ. 2021ರ ಜನಗಣತಿಯಲ್ಲಿ ವಿಚರ್ಚ್-ಸ್ಟೌಫ್‌ವಿಲ್ ಪಟ್ಟಣದ ಜನಸಂಖ್ಯೆ 49,864. ಹೊಲಗಳ ಜಾಗದಲ್ಲಿ ಎದ್ದ ಹೊಸ ಬಡಾವಣೆಗಳಲ್ಲಿ ಚೀನಾದವರು, ತಮಿಳರು, ಪಂಜಾಬಿಗಳು, ಗುಜರಾತಿಗಳು ಇದ್ದಾರೆ, ನಮ್ಮ ಕನ್ನಡದ ಮನೆಗಳೂ ಇವೆ. ಇಲ್ಲಿಗೆ ಬಂದ ಕನ್ನಡಿಗರಿಗೆ ಹಂದಿ ಮಾಂಸದ ಪ್ರಶ್ನೆ ಎದುರಾಗುವುದು ಮಕ್ಕಳ ಶಾಲೆಯ ಪೀಟ್ಸಾ ದಿನದಲ್ಲಿ. ಪೆಪರೊನಿ ಎಂದರೆ ಏನು? ಸಹಪಾಠಿಯ ಹುಟ್ಟುಹಬ್ಬದಲ್ಲಿ ಕೊಟ್ಟ ಹಾಟ್ ಡಾಗ್‌ನಲ್ಲಿ ಏನಿತ್ತು? ತಿಂದುಬಂದ ಮಗುವಿಗೆ ಏನು ಹೇಳಬೇಕು?

ಹೆಚ್ಚಿನ ಮನೆಗಳಲ್ಲಿ ಮಗುವಿಗೆ ಸಿಗುವ ಉತ್ತರ ಒಂದೇ: ‘ನಮಗೆ ಅದು ಆಗಲ್ಲ, ಅದು ಗಲೀಜು, ತಿಂದರೆ ಕಾಯಿಲೆ ಬರುತ್ತೆ.’ ಈ ಒಂದು ಸಾಲಿನಲ್ಲಿ ಧರ್ಮ, ಜಾತಿ, ಬೀದಿಯ ಕೊಳಕು, ವೈದ್ಯಶಾಸ್ತ್ರ ಎಲ್ಲ ಕಲಸಿಹೋಗಿವೆ. ಅವನ್ನು ಬಿಡಿಸಿ ನೋಡಬೇಕೆಂದು ನನಗೆ ಬಹಳ ದಿನದಿಂದ ಅನಿಸಿದೆ. ನಾನು ಹುಟ್ಟಿದ ಮನೆಯಲ್ಲಿ ಯಾವ ಮಾಂಸವೂ ಬೇಯುತ್ತಿರಲಿಲ್ಲ, ಈಗಲೂ ನಾನು ತಿನ್ನುವುದಿಲ್ಲ. ಹಾಗಾಗಿ ತಿನ್ನಿ ಎಂದು ಹೇಳುವ ಉದ್ದೇಶ ನನಗಿಲ್ಲ. ಬೇಡ ಎನ್ನುವುದಕ್ಕೆ ಸುಳ್ಳು ಕಾರಣ ಕೊಟ್ಟಾಗ ಅದರ ಪೆಟ್ಟು ಯಾರಿಗೋ ಬೀಳುತ್ತದೆ ಎಂಬುದಷ್ಟೇ ನನ್ನ ಮಾತು.

ಮೊದಲಿಗೆ, ಕನ್ನಡ ನಾಡಿನಲ್ಲಿ ಹಂದಿ ಮಾಂಸ ‘ಯಾರೂ ತಿನ್ನದ’ ಪದಾರ್ಥ ಆಗಿದ್ದೇ ಇಲ್ಲ. ಕೊಡವರ ಮದುವೆಯಲ್ಲಿ ಪಂದಿ ಕರಿ ಇಲ್ಲದಿದ್ದರೆ ಊಟ ಪೂರ್ತಿಯಾದಂತಲ್ಲ. ಗದ್ದೆ ನಾಟಿ ಮುಗಿಸಿ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದ ದಿನ ಕೋವಿ, ಒಡಿಕತ್ತಿಗಳಿಗೆ ಪೂಜೆ ಮಾಡಿ, ಅಕ್ಕಿಯ ಉಂಡೆ ಕಡಂಬುಟ್ಟಿನ ಜೊತೆ ಪಂದಿ ಕರಿ ಉಣ್ಣುತ್ತಾರೆ. ಅದೇ ಜನ ಅಕ್ಟೋಬರಿನ ಕಾವೇರಿ ಸಂಕ್ರಮಣಕ್ಕೆ ಮಾಂಸ ಮುಟ್ಟುವುದಿಲ್ಲ, ಅವರೊಳಗಿನ ಅಮ್ಮ ಕೊಡವರು ಸಸ್ಯಾಹಾರಿಗಳು. ಅಂದರೆ ಹಂದಿ ತಿನ್ನುವವರಿಗೂ ಶುದ್ಧಿಯ ಕಟ್ಟುಪಾಡು ಇದೆ, ಅದು ಬೇರೆ ಲೆಕ್ಕದಲ್ಲಿ ನಡೆಯುತ್ತದೆ. ಮಂಗಳೂರಿನ ಕ್ಯಾಥೊಲಿಕರ ಕ್ರಿಸ್‌ಮಸ್ಸು, ಮದುವೆ, ಮದುವೆಯ ಮುಂಚಿನ ರೋಸ್ ಶಾಸ್ತ್ರಗಳಲ್ಲಿ ಬಫಾತ್ ಮಸಾಲೆ ಪುಡಿ ಹಾಕಿದ ಹಂದಿ ಪದಾರ್ಥ ದುಕ್ರಾಮಾಸ್ ಮತ್ತು ಅಕ್ಕಿಯ ಸಾನ್ನಾಂ ಜೊತೆಗೂಡಿಯೇ ಬರಬೇಕು. ಸಕಲೇಶಪುರ, ಮೂಡಿಗೆರೆ, ತೀರ್ಥಹಳ್ಳಿ ಕಡೆಯ ಮಲೆನಾಡಿನ ಒಕ್ಕಲಿಗರ ಮನೆಗಳಲ್ಲಿ ಅಕ್ಕಿ ರೊಟ್ಟಿ, ಕಡುಬಿಗೆ ಹಂದಿ ಸಾರು ಹೊಸದಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಓದಿದವರಿಗೆ ಬೇಟೆ ಮತ್ತು ಬಾಡೂಟ ಮಲೆನಾಡಿನ ದೊಡ್ಡಮನೆಗಳ ಬದುಕಿನಲ್ಲಿ ಹೇಗೆ ಹಾಸುಹೊಕ್ಕಾಗಿದ್ದವೆಂದು ಗೊತ್ತು. ಅದೇ ಒಕ್ಕಲಿಗರು ಮಂಡ್ಯದ ಬಯಲಿಗೆ ಇಳಿದರೆ ಕುರಿ, ಕೋಳಿ ತಿನ್ನುವ ಎಷ್ಟೋ ಮನೆಗಳಲ್ಲಿ ಹಂದಿಯ ಹೆಸರೆತ್ತುವಂತಿಲ್ಲ. ಒಂದೇ ಜಾತಿ, ನಡುವೆ ಒಂದು ಘಟ್ಟ. ಇದು ಧರ್ಮದಿಂದ ಹುಟ್ಟಿದ ನಿಷೇಧವಾಗಿದ್ದರೆ ಹೀಗೆ ಘಟ್ಟಕ್ಕೊಂದು ಬಯಲಿಗೊಂದು ಆಗುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಸಂಸ್ಕೃತ ‘ಮಾನಸೋಲ್ಲಾಸ’ದ ಅನ್ನಭೋಗ ಭಾಗದಲ್ಲಿ ಹಂದಿಯ ರೋಮ ತೆಗೆಯುವ ಕ್ರಮ, ಸುಡುವ ಕ್ರಮ, ಹೋಳು ಮಾಡಿ ಮಸಾಲೆ ಕೂಡಿಸುವ ಕ್ರಮ ಎಲ್ಲ ವಿವರವಾಗಿ ಸಿಗುತ್ತವೆ. ಅದು ಅರಮನೆಯ ಅಡುಗೆ. ಬಾದಾಮಿಯ ಗುಹೆಗಳಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹನನ್ನು ಕಡೆಸಿದವರೂ ಚಾಲುಕ್ಯರೇ, ಅವರ ಲಾಂಛನವೂ ವರಾಹವೇ. ವಿಜಯನಗರದ ಚಿನ್ನದ ನಾಣ್ಯದ ಹೆಸರು ವರಾಹ. ತುಳುನಾಡಿನ ಪಂಜುರ್ಲಿ ಹಂದಿಯ ರೂಪದ ದೈವ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ತುಳುನಾಡು ಕಾಣದವರಿಗೂ ಆ ಹೆಸರು ಪರಿಚಯ. ಪೂಜೆಗೂ ಅರಮನೆಯ ತಟ್ಟೆಗೂ ಯೋಗ್ಯವಾಗಿದ್ದ ಪ್ರಾಣಿ ಬಯಲಿನ ಮನೆಗಳಲ್ಲಿ ಬೈಗುಳವಾಗಿದ್ದು ಹೇಗೆ?

ಹಳೆಯ ಶಾಸ್ತ್ರಗಳು ಇದರ ಸುಳಿವು ಕೊಡುತ್ತವೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ದ್ವಿಜರಿಗೆ ನಿಷಿದ್ಧವೆಂದು ಹೇಳಿರುವುದು ಅಣಬೆ, ಬೆಳ್ಳುಳ್ಳಿ, ಈರುಳ್ಳಿ, ಊರಕೋಳಿಗಳ ಸಾಲಿನಲ್ಲಿ ಊರಹಂದಿಯನ್ನು. ಚರಕಸಂಹಿತೆಯಂತೂ ವರಾಹ ಮಾಂಸವನ್ನು ಬಲ ಕೊಡುವ, ಬಳಲಿಕೆ ಕಳೆಯುವ, ವಾತ ಶಮನ ಮಾಡುವ, ಅರಗಲು ಜಡವಾದ ಆಹಾರ ಎಂದು ವರ್ಣಿಸುತ್ತದೆ. ಬೇಡವಾದದ್ದು ಊರಿನ ಕೊಳಕು ತಿಂದು ಬೆಳೆದ ಹಂದಿ, ಕಾಡಿನದು ಬೇರೆ. ಈ ಭೇದ ಕರ್ನಾಟಕದ ಹಳ್ಳಿಗಳಲ್ಲಿ ಇತ್ತೀಚಿನವರೆಗೂ ಜೀವಂತವಾಗಿತ್ತು. ಕಾಡುಹಂದಿಯ ಪಾಲು ಮನೆಗೆ ಬಂದರೆ ಸಂಭ್ರಮಿಸುತ್ತಿದ್ದವರೇ ಊರಹಂದಿ ಎಂದರೆ ಮುಖ ತಿರುಗಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧವಾಯಿತು. ಕೊಡಗಿನ ಅಡುಗೆಮನೆ ಸಾಕು ಹಂದಿಗೆ ಹೊಂದಿಕೊಂಡಿತು, ಕೋವಿಗೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಹಬ್ಬದ ಪಂದ್ಯ ಉಳಿಯಿತು. ಬಯಲಿನವರಿಗೆ ಮಾತ್ರ ಕಣ್ಣಿಗೆ ಬೀಳಲು ಉಳಿದದ್ದು ಚರಂಡಿಯ ಹಂದಿ ಒಂದೇ.

ಇಲ್ಲಿಯೇ ಜಾತಿಯ ಮಾತು ಬರುತ್ತದೆ. ಊರಹಂದಿಯನ್ನು ಸಾಕಿದವರು ಕೊರಮರು, ಕೊರಚರು, ಹಂದಿಜೋಗಿಗಳಂಥ ಸಮುದಾಯಗಳು. ಅವರಿಗೆ ಜಮೀನಿರಲಿಲ್ಲ, ಮೇವಿಗೆ ಕಾಸಿರಲಿಲ್ಲ. ಬೇರೆ ಯಾವ ಬಂಡವಾಳವೂ ಇಲ್ಲದೆ ಸಾಕಬಹುದಾದ ಪ್ರಾಣಿ ಅದೊಂದೇ. ಊರಿನ ಹೊಲಸನ್ನೇ ತಿಂದು ಅದು ದುಡ್ಡಾಗುತ್ತಿತ್ತು. ಹೊಲಸು ಬೀದಿಯಲ್ಲಿ ಬಿದ್ದದ್ದು ಊರಿನವರಿಂದ. ಶೌಚಾಲಯ ಕಟ್ಟದೆ, ಚರಂಡಿ ಮುಚ್ಚದೆ ಇದ್ದವರು ಹಂದಿಯನ್ನೂ ಹಂದಿ ಸಾಕಿದವರನ್ನೂ ಅಸಹ್ಯ ಎಂದು ಕರೆದರು. ಪುರಸಭೆಯವರು ಲಾರಿ ತಂದು ಹಂದಿ ಹಿಡಿದೊಯ್ದಾಗ ಒಂದು ಕುಟುಂಬದ ವರ್ಷದ ಗಳಿಕೆ ಲಾರಿ ಹತ್ತುತ್ತದೆ ಎಂಬುದು ನಗರದ ಓದುಗರಿಗೆ ಸುದ್ದಿಯಾಗಿ ತಲುಪುವುದಿಲ್ಲ. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಸುಮಾರು 90.6 ಲಕ್ಷ ಹಂದಿಗಳಿದ್ದವು, ಏಳು ವರ್ಷದ ಹಿಂದಿನದಕ್ಕಿಂತ ನೂರಕ್ಕೆ 12ರಷ್ಟು ಕಡಿಮೆ. ಮರುವರ್ಷ ಅಸ್ಸಾಮಿನಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಸಾಕಣೆದಾರರ ಮೇಲೆ ಇನ್ನೊಂದು ಹೊಡೆತ. ಆ ಜ್ವರ ಮನುಷ್ಯರಿಗೆ ತಗಲುವುದೇ ಇಲ್ಲ, ಆದರೂ ಜನ ಮಾಂಸ ಕೊಳ್ಳಲು ಹೆದರುತ್ತಾರೆ.

ಯಹೂದಿ ಮತ್ತು ಇಸ್ಲಾಂ ಧರ್ಮಗಳ ನಿಷೇಧ ಬೇರೆ ಬಗೆಯದು. ಅದು ಗ್ರಂಥದಲ್ಲಿ ಬರೆದಿಟ್ಟ ಸ್ಪಷ್ಟ ಆಜ್ಞೆ. ಗೊರಸು ಸೀಳಿದ್ದರೂ ಮೆಲುಕು ಹಾಕದ ಪ್ರಾಣಿ ಎಂಬುದು ಹೀಬ್ರೂ ಗ್ರಂಥ ಕೊಡುವ ಕಾರಣ. ಕುರಾನು ನಿಷೇಧದ ಜೊತೆಗೇ ಪ್ರಾಣಾಪಾಯದ ಸಂದರ್ಭದಲ್ಲಿ ವಿನಾಯಿತಿಯನ್ನೂ ಹೇಳುತ್ತದೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರೂ ಹಂದಿ ತಿನ್ನುವುದಿಲ್ಲ. ಈ ನಿಷೇಧದ ಹಿಂದೆ ಆರೋಗ್ಯದ ಕಾಳಜಿ ಇತ್ತೆಂದು ಹನ್ನೆರಡನೆಯ ಶತಮಾನದ ಯಹೂದಿ ವೈದ್ಯ ಮೈಮೊನೈಡಿಸ್ ವಾದಿಸಿದ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ, ವರ್ಗೀಕರಣಕ್ಕೆ ಹೊಂದದ ಪ್ರಾಣಿ ಅಶುದ್ಧವಾಗುತ್ತದೆ ಎಂದರು. ಇನ್ನೊಬ್ಬ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್, ನೆರಳೂ ನೀರೂ ಬೇಕಾದ, ಹಾಲು ಕೊಡದ, ನೇಗಿಲೆಳೆಯದ ಪ್ರಾಣಿಯನ್ನು ಮರುಭೂಮಿಯಲ್ಲಿ ಸಾಕುವುದು ದುಬಾರಿ ಎಂದರು. ನಂಬುವವರಿಗೆ ಈ ಯಾವ ವಿವರಣೆಯೂ ಬೇಕಿಲ್ಲ, ಆಜ್ಞೆಯೇ ಸಾಕು. ನನಗೆ ಅವರ ನಿಲುವಿನಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತದೆ. ಸ್ಟೌಫ್‌ವಿಲ್‌ನ ಮುಸ್ಲಿಂ ನೆರೆಯವರು ‘ನಮ್ಮ ಧರ್ಮದಲ್ಲಿ ಇಲ್ಲ’ ಎಂದು ಹೇಳಿ ಮಾತು ಮುಗಿಸುತ್ತಾರೆ. ತಟ್ಟೆಯ ಇನ್ನೊಂದು ಬದಿಯಲ್ಲಿ ಕೂತವರನ್ನು ಗಲೀಜು ಎನ್ನುವ ಅಗತ್ಯ ಅವರಿಗೆ ಬರುವುದಿಲ್ಲ.

ಈಗ ‘ಕಾಯಿಲೆ ಬರುತ್ತೆ’ ಎಂಬ ಮಾತಿಗೆ ಬರೋಣ. ಇದನ್ನು ತುಸು ನಿಂತು ನೋಡಬೇಕು, ಏಕೆಂದರೆ ಇಲ್ಲಿರುವ ತಪ್ಪು ತಿಳಿವಳಿಕೆ ಮಕ್ಕಳ ಮಿದುಳಿಗೇ ಅಪಾಯ ತಂದಿದೆ.

ಹಂದಿಯಿಂದ ಬರುವ ಲಾಡಿಹುಳು ಎಂದರೆ ನಮ್ಮಲ್ಲಿ ಎಲ್ಲರಿಗೂ ಭಯ. ಹುಳುವಿನ ಮರಿಕೋಶ ಇರುವ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಅದು ಕರುಳಿನಲ್ಲಿ ಬೆಳೆದು ಹಲವು ಅಡಿ ಉದ್ದವಾಗುತ್ತದೆ. ಇದು ನಿಜ. ಆದರೆ ಹುಳು ಕರುಳಿನಲ್ಲಿರುವಷ್ಟು ಕಾಲ ಹೆಚ್ಚಿನವರಿಗೆ ದೊಡ್ಡ ತೊಂದರೆ ಆಗುವುದಿಲ್ಲ. ಆ ವ್ಯಕ್ತಿಯ ಮಲದಲ್ಲಿ ಸಾವಿರಾರು ಮೊಟ್ಟೆಗಳು ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಮಲವನ್ನು ಹಂದಿ ತಿಂದರೆ ಮೊಟ್ಟೆಯಿಂದ ಹೊರಬಂದ ಮರಿ ಅದರ ಮಾಂಸಖಂಡ ಸೇರಿ ಕೋಶವಾಗುತ್ತದೆ, ಚಕ್ರ ಪೂರ್ತಿಯಾಗುತ್ತದೆ. ಅದೇ ಮೊಟ್ಟೆಗಳು ಮಳೆನೀರಿನಲ್ಲೋ, ಗೊಬ್ಬರದಲ್ಲೋ, ತೊಳೆಯದ ಕೈಯಲ್ಲೋ ಕೊತ್ತಂಬರಿ ಸೊಪ್ಪಿಗೆ, ಸೌತೆಕಾಯಿಗೆ, ಕುಡಿಯುವ ನೀರಿಗೆ ಸೇರಿ ಮನುಷ್ಯನ ಹೊಟ್ಟೆಗೆ ಹೋದರೆ? ಮರಿಗಳು ರಕ್ತದ ಮೂಲಕ ಮಿದುಳು ಸೇರಿ ಅಲ್ಲಿ ಕೋಶ ಕಟ್ಟುತ್ತವೆ. ವರ್ಷಗಳು ಕಳೆದ ಮೇಲೆ ಒಂದು ದಿನ ಫಿಟ್ಸ್ ಬರುತ್ತದೆ. ಭಾರತದಲ್ಲಿ ಮೂರ್ಛೆರೋಗದ ದೊಡ್ಡ ಕಾರಣಗಳಲ್ಲಿ ಇದೂ ಒಂದು; ನಿಮ್ಹಾನ್ಸ್‌ನಲ್ಲೂ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ಸ್ಕ್ಯಾನ್ ನೋಡುವ ನರರೋಗ ತಜ್ಞರಿಗೆ ದಿನನಿತ್ಯದ ಅನುಭವ. ಆ ರೋಗಿಗಳಲ್ಲಿ ಹುಟ್ಟಾ ಸಸ್ಯಾಹಾರಿಗಳು ಬೇಕಾದಷ್ಟಿದ್ದಾರೆ.

ಇದಕ್ಕೆ ಸ್ಪಷ್ಟ ಸಾಕ್ಷಿ ನ್ಯೂಯಾರ್ಕಿನಲ್ಲಿದೆ. ಹಂದಿಯನ್ನು ಕಣ್ಣೆತ್ತಿಯೂ ನೋಡದ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಿಗೆ ಮಿದುಳಿನಲ್ಲಿ ಈ ಕೋಶಗಳು ಕಂಡುಬಂದವು. 1992ರಲ್ಲಿ ಪ್ರಕಟವಾದ ತನಿಖೆ ಅವರ ಮನೆಗಳಲ್ಲಿ ಕೆಲಸಕ್ಕಿದ್ದ, ಈ ಹುಳುವಿರುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದ ಜನರ ಕಡೆಗೆ ಬೊಟ್ಟು ಮಾಡಿತು. ಅದಕ್ಕೂ ಮೊದಲು, ಭಾರತದಲ್ಲಿ ಸೇವೆ ಸಲ್ಲಿಸಿ ಇಂಗ್ಲೆಂಡಿಗೆ ಮರಳಿದ ಸೈನಿಕರಲ್ಲಿ ಫಿಟ್ಸ್ ಕಾಣಿಸಿಕೊಂಡ ಪ್ರಕರಣಗಳನ್ನು ಬ್ರಿಟಿಷ್ ವೈದ್ಯರು ದಶಕಗಳ ಕಾಲ ಹಿಂಬಾಲಿಸಿದ್ದರು. 1961ರ ಪ್ರಸಿದ್ಧ ವರದಿಯಲ್ಲಿ 450 ರೋಗಿಗಳ ವಿವರವಿದೆ. ಆದ್ದರಿಂದ ‘ನಾವು ಹಂದಿ ತಿನ್ನಲ್ಲ, ನಮಗೆ ಬರಲ್ಲ’ ಎಂಬ ನೆಮ್ಮದಿಗೆ ಆಧಾರವಿಲ್ಲ. ರಜೆಗೆ ಊರಿಗೆ ಹೋದ ಮಕ್ಕಳ ಮೇಲೆ ನಿಗಾ ಇಡಬೇಕಾದದ್ದು ತೊಳೆಯದ ಸೊಪ್ಪು, ಬೀದಿಯ ಹೆಚ್ಚಿದ ಹಣ್ಣು, ಅಡುಗೆಯವರ ಕೈಯ ವಿಚಾರದಲ್ಲಿ. ಫಿಟ್ಸ್ ಬಂದ ಮಗುವಿನ ತಾಯಿಯನ್ನು ‘ನೀವು ಹಂದಿ ತಿಂದಿದ್ದೀರಾ’ ಎಂದು ಬಂಧುಗಳು ಕೇಳುವುದಿದೆಯಲ್ಲ, ಅದು ಕ್ರೌರ್ಯ. ಆ ಪ್ರಶ್ನೆಗೆ ವೈದ್ಯಶಾಸ್ತ್ರದ ಬೆಂಬಲವಿಲ್ಲ.

ಇನ್ನೊಂದು ಹುಳು ಟ್ರೈಕಿನೆಲ್ಲ. 1835ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯಕೀಯ ವಿದ್ಯಾರ್ಥಿ ಶವದ ಸ್ನಾಯುವಿನಲ್ಲಿ ಅದನ್ನು ಕಂಡ, 1860ರಲ್ಲಿ ಜರ್ಮನಿಯ ಜೆಂಕರ್ ಅದರಿಂದ ಸಾವೂ ಬರಬಹುದೆಂದು ತೋರಿಸಿದ. ಕೆನಡಾದ ಸಾಕು ಹಂದಿಗಳಲ್ಲಿ ಈ ಹುಳು ಈಗ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಅದು ಬರುವುದು ಹೆಚ್ಚಾಗಿ ಬೇಟೆಯಾಡಿದ ಕರಡಿ, ವಾಲ್ರಸ್ ಮಾಂಸದಿಂದ. ಹಂದಿ ಮಾಂಸದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂದು ಹೆಲ್ತ್ ಕೆನಡಾ ಹೇಳುತ್ತದೆ. ಅಮೆರಿಕದವರು 2011ರಲ್ಲಿ ಇಡೀ ತುಂಡುಗಳಿಗೆ ಈ ಮಿತಿಯನ್ನು 63ಕ್ಕೆ ಇಳಿಸಿದರು. ತಾಸುಗಟ್ಟಲೆ ಕುದಿಯುವ ನಮ್ಮ ಪಂದಿ ಕರಿಗೂ ದುಕ್ರಾಮಾಸಿಗೂ ಈ ಎರಡೂ ಅಂಕಿಗಳ ಚಿಂತೆ ಇಲ್ಲ.

2009ರ ಎಚ್1ಎನ್1 ಜ್ವರಕ್ಕೆ ‘ಹಂದಿಜ್ವರ’ ಎಂಬ ಹೆಸರು ಬಿದ್ದದ್ದು ದುರದೃಷ್ಟ. ಅದು ಮಾಂಸ ತಿಂದು ಬರುವಂಥದ್ದಲ್ಲ, ಮನುಷ್ಯರಿಂದ ಮನುಷ್ಯರಿಗೆ ಉಸಿರಿನಿಂದ ಹರಡಿದ್ದು. ಆದರೂ ಈಜಿಪ್ಟ್ ಸರ್ಕಾರ ಸುಮಾರು ಮೂರು ಲಕ್ಷ ಹಂದಿಗಳನ್ನು ಕೊಲ್ಲಿಸಿತು. ಕೈರೋದ ಕಸ ಆಯುತ್ತಿದ್ದ ಬಡ ಕ್ರೈಸ್ತರು ಅದರಿಂದ ಜೀವನಾಧಾರ ಕಳೆದುಕೊಂಡರು, ಹಂದಿಗಳು ತಿನ್ನುತ್ತಿದ್ದ ಹಸಿ ಕಸ ಬೀದಿಯಲ್ಲಿ ರಾಶಿಬಿತ್ತು. ಹಂದಿಯಿಂದ ನಿಜವಾದ ಅಪಾಯ ಇರುವ ಇನ್ನೊಂದು ರೋಗವೂ ತಟ್ಟೆಯಿಂದ ಬರುವಂಥದ್ದಲ್ಲ. ಮಂಡ್ಯ, ಕೋಲಾರ, ಬಳ್ಳಾರಿಗಳು ಕಂಡ ಜಪಾನೀಸ್ ಎನ್ಸೆಫಲೈಟಿಸ್ ವೈರಾಣು ಹಂದಿಯ ಮೈಯಲ್ಲಿ ಹೆಚ್ಚಿ ಗದ್ದೆಯ ಸೊಳ್ಳೆಯ ಮೂಲಕ ಮಕ್ಕಳಿಗೆ ತಗಲುತ್ತದೆ. ಅದಕ್ಕೆ ಲಸಿಕೆ ಇದೆ, ಸೊಳ್ಳೆಪರದೆ ಇದೆ. ಮನೆಗಳ ನಡುವೆ ಹಂದಿ ಬಿಡಬಾರದು ಎಂಬ ಒತ್ತಾಯವೂ ಇಲ್ಲಿ ನ್ಯಾಯವಾದದ್ದೇ.

ಹಾಗಾದರೆ ಹಂದಿ ಮಾಂಸ ಆರೋಗ್ಯಕ್ಕೆ ನಿರಪಾಯವೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಬೇಕನ್, ಹ್ಯಾಮ್, ಸಾಸೇಜು, ಪೆಪರೊನಿಯಂಥ ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ನೂರಕ್ಕೆ 18ರಷ್ಟು ಏರುತ್ತದೆಂದು ಅದರ ಲೆಕ್ಕ. ಕೋಳಿಯ ಸಾಸೇಜೂ ಸಂಸ್ಕರಿಸಿದ ಮಾಂಸವೇ. ತಾಜಾ ಹಂದಿ ಮಾಂಸವನ್ನು ಅದು ಒಂದು ಮೆಟ್ಟಿಲು ಕೆಳಗೆ, ‘ಸಂಭವನೀಯ’ ಎಂಬ ಗುಂಪಿನಲ್ಲಿ ಇಟ್ಟಿತು. ನಮ್ಮ ಕುರಿ, ಮೇಕೆ ಮಾಂಸವೂ ಅದೇ ಗುಂಪಿನಲ್ಲಿದೆ. ಭಾನುವಾರದ ಮಟನ್ ಬಿರಿಯಾನಿಯ ಮುಂದೆ ಕೂತು ಹಂದಿ ಅನಾರೋಗ್ಯ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ಕೊಬ್ಬಿನ ಮಾತು ಮಾತ್ರ ನಮಗೆ ಹೆಚ್ಚು ಅನ್ವಯಿಸುತ್ತದೆ. 2000ದಲ್ಲಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸೋನಿಯಾ ಆನಂದ್, ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿದ ಸಲೀಂ ಯೂಸುಫ್ ಮತ್ತು ಸಂಗಡಿಗರು ಟೊರೊಂಟೊ, ಹ್ಯಾಮಿಲ್ಟನ್, ಎಡ್ಮಂಟನ್‌ಗಳಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಯುರೋಪ್ ಮೂಲದವರಿಗಿಂತ, ಚೀನಾ ಮೂಲದವರಿಗಿಂತ ದಕ್ಷಿಣ ಏಷ್ಯಾ ಮೂಲದವರಲ್ಲಿ ಹೃದಯರೋಗ ಹೆಚ್ಚೆಂದು ಅದು ತೋರಿಸಿತು. ಸಕ್ಕರೆ ಕಾಯಿಲೆಯೂ ಇರುವ ಮೈಗೆ ಕೊಬ್ಬಿನ ತುಂಡು ದಿನನಿತ್ಯದ ಊಟವಾಗಬಾರದು. ಹಂದಿಯ ಬೆನ್ನ ಒಳಭಾಗದ ಸ್ನಾಯುವಿನಲ್ಲಿ ಕೋಳಿಯಷ್ಟೇ ಕಡಿಮೆ ಕೊಬ್ಬು, ಹೊಟ್ಟೆಯ ಭಾಗದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ.

ಪಂದಿ ಕರಿಗೆ ಬೇಕಾದದ್ದು ಆ ಕೊಬ್ಬೇ ಎಂಬುದು ಕೊಡವರ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಸ್ಟೌಫ್‌ವಿಲ್‌ನಲ್ಲಿರುವ ಕೊಡಗಿನ ಗೆಳತಿಯೊಬ್ಬರು ಚರ್ಮ ಸಹಿತದ ಭುಜದ ತುಂಡಿಗಾಗಿ ಮಾರ್ಕಂನ ಚೀನೀ ಅಂಗಡಿಗೆ ಹೋಗುತ್ತಾರೆ. ಮಾಮೂಲಿ ಸೂಪರ್ ಮಾರುಕಟ್ಟೆಯಲ್ಲಿ ಚರ್ಮ ಸುಲಿದು ಇಟ್ಟಿರುತ್ತಾರೆ. ಹೆಬ್ಬೆರಳ ಗಾತ್ರಕ್ಕೆ ಹೆಚ್ಚಿ, ಅರಿಸಿನ, ಉಪ್ಪು, ಖಾರದಪುಡಿ ಸವರಿಟ್ಟು, ಎಣ್ಣೆ ಹೆಚ್ಚು ಹಾಕದೆ ಅದರದೇ ಕೊಬ್ಬಿನಲ್ಲಿ ಬೇಯಿಸುತ್ತಾರೆ. ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಚಿಟಿಕೆ ಮೆಂತ್ಯವನ್ನು ಕಪ್ಪಾಗುವ ಅಂಚಿನವರೆಗೆ ಹುರಿಯಬೇಕು, ಒಂದು ಕ್ಷಣ ಹೆಚ್ಚಾದರೆ ಕಹಿ. ಕಡೆಗೆ ಕಾಚಂಪುಳಿ. ಹಣ್ಣಾದ ಪುಳಿಯನ್ನು ಬುಟ್ಟಿಯಲ್ಲಿಟ್ಟು ಇಳಿದ ರಸವನ್ನು ಕುದಿಸಿ ಕುದಿಸಿ ಕಪ್ಪು ಪಾಕ ಮಾಡಿದ್ದು, ವಿರಾಜಪೇಟೆಯಿಂದ ಸೂಟ್‌ಕೇಸಿನಲ್ಲಿ ಬಂದದ್ದು. ಚಳಿಗಾಲದಲ್ಲಿ ಕಿಟಕಿ ತೆರೆಯುವಂತಿಲ್ಲ, ಮಸಾಲೆ ಹುರಿದ ಹೊಗೆ ಮನೆಯಿಡೀ ತುಂಬುತ್ತದೆ. ಪಕ್ಕದ ಇಟಲಿ ಮೂಲದ ಅಜ್ಜ ಬಂದು ಏನು ಅಡುಗೆ ಎಂದು ಕೇಳಿ ಬಟ್ಟಲು ತುಂಬಿಸಿಕೊಂಡು ಹೋಗುತ್ತಾರೆ. ಅದೇ ಗೆಳತಿ ನಮ್ಮ ಕನ್ನಡದವರ ಪಾಟ್‌ಲಕ್ ಊಟಕ್ಕೆ ತರುವುದು ಚಿತ್ರಾನ್ನ. ‘ಅಕ್ಕ, ಪಂದಿ ಕರಿ ತಂದರೆ ನನ್ನ ಪಾತ್ರೆಯ ಪಕ್ಕ ಯಾರೂ ಪಾತ್ರೆ ಇಡೋದಿಲ್ಲ’ ಎಂದು ಒಮ್ಮೆ ಹೇಳಿದ್ದು ನನ್ನನ್ನು ಬಿಟ್ಟುಹೋಗಿಲ್ಲ. ಮಂಗಳೂರಿನ ಕ್ಯಾಥೊಲಿಕ್ ಮನೆಯ ಮಕ್ಕಳೂ ಕನ್ನಡ ಕಾರ್ಯಕ್ರಮಗಳಲ್ಲಿ ಮನೆಯ ಹಬ್ಬದೂಟದ ಹೆಸರು ಹೇಳದೆ ಸುಮ್ಮನಿರುತ್ತವೆ. ದಲಿತ ಕುಟುಂಬಗಳಿಗೆ ಆ ಮೌನ ಇನ್ನೂ ಭಾರ, ಏಕೆಂದರೆ ಊಟದ ಹೆಸರಿನ ಬೆನ್ನಿಗೆ ಜಾತಿಯ ಪ್ರಶ್ನೆ ಬರುತ್ತದೆಂದು ಅವರಿಗೆ ಗೊತ್ತು.

ಇಂಥ ಊಟಗಳಲ್ಲಿ ಸಸ್ಯಾಹಾರಿಗಳ ಪಾತ್ರೆಗೆ ಬೇರೆ ಮೇಜು, ಬೇರೆ ಸೌಟು ಬೇಕು. ಹಲಾಲ್ ಊಟ ಬೇಕಾದವರಿಗೂ ಹಾಗೆಯೇ. ಅದನ್ನು ಕೇಳುವ ಹಕ್ಕು ನನಗಿದೆ, ನಾನು ಕೇಳುತ್ತೇನೆ. ಇನ್ನೊಂದು ಮೇಜಿನ ಮೇಲೆ ‘ಪಂದಿ ಕರಿ’ ಎಂದು ಚೀಟಿ ಅಂಟಿಸಿದ ಪಾತ್ರೆಯೂ ಇರಲಿ ಎಂದು ಕೇಳುವುದಕ್ಕೆ ಅದು ಅಡ್ಡಿಯಲ್ಲ. ಚೀಟಿ ಇದ್ದರೆ ಬೇಡದವರಿಗೂ ಅನುಕೂಲ. ಈ ದೇಶದಲ್ಲಿ ಹೆಸರಿಲ್ಲದೆ ಬರುವ ಹಂದಿಯೇ ತೊಡಕಿನದು. ಬೇಯಿಸಿದ ಬೀನ್ಸ್ ಡಬ್ಬದಲ್ಲಿ, ಪೈ ಹಿಟ್ಟಿನಲ್ಲಿ ಹಂದಿ ಕೊಬ್ಬು ಇರಬಹುದು. ಮಾರ್ಷ್‌ಮೆಲೊ, ಅಂಟಂಟು ಮಿಠಾಯಿ, ಕೆಲವು ಮೊಸರುಗಳಲ್ಲಿ ಜೆಲಾಟಿನ್ ಇರುತ್ತದೆ, ಯಾವ ಪ್ರಾಣಿಯದೆಂದು ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ.

ಔಷಧಿಯ ವಿಚಾರಕ್ಕೆ ಬಂದರೆ ಇದು ಇನ್ನೂ ಗಂಭೀರ. ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಗಳಲ್ಲಿ ಕೊಡುವ ಹೆಪರಿನ್ ಹಂದಿಯ ಕರುಳಿನಿಂದ ಬರುತ್ತದೆ. 1982ರಲ್ಲಿ ಮಾನವ ಇನ್ಸುಲಿನ್ ಬರುವ ತನಕ ಸಕ್ಕರೆ ಕಾಯಿಲೆಯವರು ಚುಚ್ಚಿಕೊಂಡದ್ದು ಹಂದಿ, ದನಗಳ ಇನ್ಸುಲಿನ್ನನ್ನೇ. 2022ರ ಜನವರಿಯಲ್ಲಿ ಮೇರಿಲ್ಯಾಂಡಿನ ವೈದ್ಯರು ವಂಶವಾಹಿ ತಿದ್ದಿದ ಹಂದಿಯ ಹೃದಯವನ್ನು ಮನುಷ್ಯನಿಗೆ ಜೋಡಿಸಿದರು. ಆತ ಸುಮಾರು ಎರಡು ತಿಂಗಳು ಬದುಕಿದ. ತಿನ್ನುವುದಕ್ಕೂ ಜೀವ ಉಳಿಸಿಕೊಳ್ಳುವುದಕ್ಕೂ ಭೇದವಿದೆ ಎಂದು ಯಹೂದಿ, ಮುಸ್ಲಿಂ ಧರ್ಮಶಾಸ್ತ್ರಜ್ಞರು ಬಹಳ ಹಿಂದೆಯೇ ಚರ್ಚಿಸಿ ದಾರಿ ಮಾಡಿಕೊಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಆ ಮಾತೇ ಆಗಿಲ್ಲ. ಊರಿಂದ ಬಂದು ಮಕ್ಕಳ ಜೊತೆ ನೆಲೆಸಿದ ಎಪ್ಪತ್ತರ ತಂದೆತಾಯಿಗೆ ಹೃದಯದ ಕವಾಟ ಬದಲಿಸಬೇಕಾಗಿ ಬಂದಾಗ ಆಯ್ಕೆಗಳು ಮೂರು: ಹಂದಿಯ ಕವಾಟ, ದನದ ಹೃದಯದ ಹೊರಪೊರೆಯಿಂದ ಹೊಲಿದದ್ದು, ಯಾಂತ್ರಿಕ ಕವಾಟ. ಮೂರನೆಯದಕ್ಕೆ ಜೀವನಪರ್ಯಂತ ರಕ್ತ ತೆಳುಮಾಡುವ ಮಾತ್ರೆ, ಮೇಲಿಂದ ಮೇಲೆ ರಕ್ತಪರೀಕ್ಷೆ ಬೇಕು. ಅನೇಕ ಹಿಂದೂ ಹಿರಿಯರಿಗೆ ಎರಡನೆಯದು ಮೊದಲನೆಯದಕ್ಕಿಂತ ಕಷ್ಟದ ಮಾತು. ವೈದ್ಯರು ಕೇಳಿದರೆ ಎಲ್ಲವನ್ನೂ ವಿವರಿಸುತ್ತಾರೆ; ಹೆಪರಿನ್ ಒಲ್ಲದವರಿಗೆ ಕೃತಕವಾಗಿ ತಯಾರಿಸಿದ ಫೊಂಡಾಪರಿನಕ್ಸ್ ಕೆಲವು ಸಂದರ್ಭಗಳಲ್ಲಿ ಹೊಂದುತ್ತದೆ, ಎಲ್ಲ ಶಸ್ತ್ರಚಿಕಿತ್ಸೆಗಲ್ಲ. ಈ ಪ್ರಶ್ನೆಯನ್ನು ಅಪ್ಪ ಅಮ್ಮನ ಮುಂದಿಟ್ಟು, ಅವರ ಮನಸ್ಸಿನಲ್ಲಿರುವುದನ್ನು ಅವರ ಬಾಯಿಂದಲೇ ಕೇಳಿಕೊಂಡು, ತಜ್ಞರ ಮೊದಲ ಭೇಟಿಯಲ್ಲೇ ಹೇಳಬೇಕು. ಶಸ್ತ್ರಚಿಕಿತ್ಸೆಯ ಬೆಳಗ್ಗೆ ಸಹಿ ಹಾಕುವ ಕಾಗದ ಕೈಗೆ ಬಂದಾಗ ಅದಕ್ಕೆ ಸಮಯ ಇರುವುದಿಲ್ಲ.